ಮಾರ್ಪಡದ ದೇವರು: ಬೇತ್ ಕತ್ರಾಯದ ಸಂತನೊಬ್ಬನ ವಿಚಾರ



ದೇವರು ಮಾರ್ಪಡದವನು ಎಂಬುದು ಕ್ರೈಸ್ತ ಧರ್ಮದ ಪ್ರಾಚೀನ ನಂಬಿಕೆಗಳಲ್ಲಿ ಒಂದು. ಈ ನಂಬಿಕೆಯಿಂದ ಕ್ರೈಸ್ತನಿಗೆ ಸಮಾಧಾನ ಹೇಗೆ ದೊರೆಯುತ್ತದೆ ಎಂಬುದನ್ನು ವಿವರಿಸಬೇಕೆಂದು ಸಂಘದ ಮಿತ್ರರು ಕೇಳಿದಾಗ ನಾವು ಮೊದಲು ಹಿಂಜರಿದೆವು. ಧರ್ಮಶಾಸ್ತ್ರದ ಗ್ರಂಥಗಳಲ್ಲಿ ಈ ವಿಷಯ ತೀರ ಶುಷ್ಕವಾಗಿ ಬರುತ್ತದೆ. ಆದರೆ ಊರಿನಲ್ಲಿ ಕುಳಿತು ಇದನ್ನು ಯೋಚಿಸುವುದಕ್ಕೂ ದೋಹಾದಲ್ಲಿದ್ದು ಯೋಚಿಸುವುದಕ್ಕೂ ಅಂತರವಿದೆ.

ಈ ನೆಲದಲ್ಲಿ ಬದಲಾವಣೆಯನ್ನು ಯಾರೂ ಪುಸ್ತಕದಿಂದ ಕಲಿಯಬೇಕಾಗಿಲ್ಲ. ತಲೆತಲಾಂತರದಿಂದ ಮುತ್ತಿನ ಮುಳುಗುಗಾರಿಕೆಯನ್ನು ನಂಬಿ ಬದುಕಿದ್ದ ಈ ಕರಾವಳಿ, ಜಪಾನಿನಲ್ಲಿ ಸಾಕಿ ಬೆಳೆಸಿದ ಮುತ್ತುಗಳು ಪೇಟೆಗೆ ಬಂದೊಡನೆ 1930ರ ದಶಕದಲ್ಲಿ ಬಡತನಕ್ಕೆ ಇಳಿಯಿತು. ದುಖಾನಿನ ತೈಲ 1949ರ ಕೊನೆಯಲ್ಲಿ ಹಡಗೇರಿದ ಮೇಲೆ ಇನ್ನೊಂದು ಲೋಕವೇ ತೆರೆಯಿತು. 2017ರ ಜೂನ್ ತಿಂಗಳಲ್ಲಿ ನೆರೆಯ ದೇಶದ ಭೂಮಾರ್ಗ ಮುಚ್ಚಿಹೋಗಿ, 2021ರ ಜನವರಿಯಲ್ಲಿ ಮತ್ತೆ ತೆರೆದದ್ದನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೇವೆ. ಇನ್ನು ನಮ್ಮ ಸ್ವಂತ ಬದುಕಂತೂ ವೀಸಾದ ದಿನಾಂಕಕ್ಕೂ ನೌಕರಿಯ ಕರಾರಿಗೂ ಕಟ್ಟಿಹಾಕಿದ್ದು. ಊರಿಗೆ ಹೋದರೆ ಅಲ್ಲಿಯೂ ಮನೆ ಮೊದಲಿನಂತಿರುವುದಿಲ್ಲ. ಹೆತ್ತವರ ಅಂತ್ಯಸಂಸ್ಕಾರವನ್ನು ಫೋನಿನ ಪರದೆಯಲ್ಲಿ ನೋಡಿದವರು ಈ ಸಭೆಯಲ್ಲಿಯೇ ಇರಬಹುದು. ಅಂಥವರಿಗೆ ದೇವರು ಬದಲಾಗುವುದಿಲ್ಲ ಎಂದರೆ ಏನನ್ನು ಹೇಳಿದಂತಾಯಿತು?

ಬೈಬಲಿನಲ್ಲಿ ಈ ಮಾತಿಗೆ ಆಧಾರವಾಗಿ ಸಾಮಾನ್ಯವಾಗಿ ಮೂರು ಸ್ಥಳಗಳನ್ನು ತೋರಿಸುತ್ತಾರೆ. ಹಳೆಯ ಒಡಂಬಡಿಕೆಯ ಕೊನೆಯ ಪುಸ್ತಕವಾದ ಮಲಾಕಿಯಲ್ಲಿ ದೇವರು ತಾನು ಮಾರ್ಪಡದವನೆಂದು ಹೇಳುತ್ತಾನೆ. ಯಾಕೋಬನ ಪತ್ರಿಕೆ, ಆಕಾಶದ ಜ್ಯೋತಿಗಳಿಗೆ ಇರುವ ಏರಿಳಿತವಾಗಲಿ ನೆರಳಿನ ಚಲನೆಯಾಗಲಿ ಅವುಗಳ ತಂದೆಯಲ್ಲಿ ಇಲ್ಲವೆನ್ನುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆ ಕ್ರಿಸ್ತನಲ್ಲಿ ನಿನ್ನೆ ನಾಳೆಗಳ ಭೇದವಿಲ್ಲವೆಂದು ಸಾರುತ್ತದೆ. ಈ ಕೊನೆಯ ವಾಕ್ಯ ಕನ್ನಡ ಕ್ರೈಸ್ತರ ಮನೆಗಳ ಗೋಡೆಯ ಮೇಲೆ, ಕ್ಯಾಲೆಂಡರಿನಲ್ಲಿ ಎಷ್ಟು ಪರಿಚಿತವೆಂದರೆ ಅದರ ಹಿಂದಿನ ವಾಕ್ಯವನ್ನು ನಾವು ಓದುವುದೇ ಇಲ್ಲ. ಹಿಂದಿನ ವಾಕ್ಯದಲ್ಲಿ ಬರುವುದು ಸಭೆಯನ್ನು ನಡೆಸಿ ಗತಿಸಿಹೋದ ಹಿರಿಯರ ನೆನಪು. ಅವರು ಹೋದರು, ಅವರ ನಂಬಿಕೆಗೆ ಆಧಾರವಾಗಿದ್ದವನು ಹೋಗಿಲ್ಲ ಎಂಬುದು ಅಲ್ಲಿನ ಸಂದರ್ಭ. ಮಲಾಕಿಯ ಮಾತಿಗೂ ಇಂಥದೇ ಒಂದು ಹಿನ್ನೆಲೆಯಿದೆ: ಯಾಕೋಬನ ಸಂತತಿಯವರು ಇಷ್ಟೆಲ್ಲ ತಪ್ಪಿ ನಡೆದರೂ ನಾಶವಾಗದೆ ಉಳಿದದ್ದಕ್ಕೆ ದೇವರು ಬದಲಾಗದಿರುವುದೇ ಕಾರಣವೆಂದು ಆತನೇ ಹೇಳುತ್ತಾನೆ. ಎರಡು ಕಡೆಯೂ ಕಳೆದುಕೊಂಡವರೊಡನೆ, ಇಲ್ಲವೇ ತಪ್ಪಿದವರೊಡನೆ ಆಡಿದ ಮಾತು ಇದು.

ಇಲ್ಲಿ ಕನ್ನಡಿಗರಿಗೆ ಒಂದು ಸಹಜವಾದ ತೊಡಕು ಉಂಟು. ಮಾರ್ಪಡದ್ದು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ನಿರ್ವಿಕಾರ ಎಂಬ ಪದ; ಅದರ ಬೆನ್ನಿಗೇ ರಾಗದ್ವೇಷಗಳಿಲ್ಲದ, ಯಾರ ಗೋಜಿಗೂ ಹೋಗದ ತತ್ತ್ವವೊಂದರ ಚಿತ್ರ. ಅದೂ ಅಲ್ಲದೆ, ನಿಂತದ್ದು ಅಳಿಯುತ್ತದೆ, ನಡೆಯುವುದು ಉಳಿಯುತ್ತದೆ ಎಂಬ ವಿವೇಕವನ್ನು 12ನೆಯ ಶತಮಾನದ ಶರಣರು ಸ್ಥಾವರ ಜಂಗಮಗಳ ಪರಿಭಾಷೆಯಲ್ಲಿ ನಮಗೆ ಕಲಿಸಿದ್ದಾರೆ. ಹೀಗಿರುವಾಗ ಬದಲಾಗದ ದೇವರು ಕಲ್ಲಿನ ಕಂಬದಂಥವನೇ ಎಂದು ಕೇಳಿದರೆ ತಪ್ಪೇನೂ ಇಲ್ಲ. ಕ್ರೈಸ್ತ ಚಿಂತಕರಲ್ಲಿಯೂ ಈ ವಾದ ಬಹಳ ನಡೆದಿದೆ. 13ನೆಯ ಶತಮಾನದಲ್ಲಿ ತೋಮಸ್ ಅಕ್ವಿನಾಸನು ದೇವರಲ್ಲಿ ವಿಕಾರವಿಲ್ಲವೆಂಬುದನ್ನು ತರ್ಕದಿಂದ ಸಾಧಿಸಿದ. 1972ರಲ್ಲಿ ಜರ್ಮನಿಯ ಯೂರ್ಗನ್ ಮೋಲ್ಟ್‌ಮನ್, ಶಿಲುಬೆಯ ಮೇಲೆ ಕ್ರಿಸ್ತನು ಪಟ್ಟ ನೋವು ದೇವರನ್ನು ತಟ್ಟದಿದ್ದರೆ ಆತ ಎಂಥ ದೇವರೆಂದು ಪ್ರಶ್ನಿಸಿದ. ಆ ಚರ್ಚೆಯನ್ನು ಇಲ್ಲಿ ಬಿಡಿಸಲು ಹೊರಟರೆ ರಾತ್ರಿಯ ಊಟಕ್ಕೆ ತಡವಾದೀತು.

ನಮ್ಮ ಮಟ್ಟಿಗೆ ಬೈಬಲಿನ ಆಶಯಕ್ಕೆ ಹತ್ತಿರವಾದ ಕನ್ನಡದ ನಿದರ್ಶನ ನಿರ್ವಿಕಾರ ತತ್ತ್ವವಲ್ಲ, ಪುಣ್ಯಕೋಟಿ. ಹುಲಿಗೆ ಕೊಟ್ಟ ಮಾತಿಗೆ ತಪ್ಪದೆ ಮರಳಿ ಬಂದ ಆ ಹಸು ಕಲ್ಲಿನಂತೆ ನಿಂತಿರಲಿಲ್ಲ. ದೊಡ್ಡಿಗೆ ಓಡಿತು, ಕರುವನ್ನು ಕಂಡು ಕಣ್ಣೀರಿಟ್ಟಿತು, ಮತ್ತೆ ಗುಹೆಗೆ ನಡೆಯಿತು. ಅದರಲ್ಲಿ ಅಚಲವಾಗಿದ್ದುದು ಮಾತು. ಇಬ್ರಿಯರು ದೇವರನ್ನು ಬಂಡೆಯೆಂದು ಕರೆದಾಗಲೂ ಅವರ ಮನಸ್ಸಿನಲ್ಲಿದ್ದುದು ಬಹುಮಟ್ಟಿಗೆ ಇಂಥ ನಿಷ್ಠೆಯೇ. ಯೆರೂಸಲೇಮು ಸುಟ್ಟು ಬೂದಿಯಾದಾಗ ಹುಟ್ಟಿದ ಪ್ರಲಾಪಗಳ ಪುಸ್ತಕದಲ್ಲಿ, ದೇವರ ಕರುಣೆ ಮುಗಿಯುವುದಿಲ್ಲ ಎನ್ನುವಾಗಲೇ ಅದು ದಿನದಿನವೂ ಹೊಸದಾಗುತ್ತದೆ ಎಂಬ ಮಾತೂ ಬರುತ್ತದೆ.

ಈ ವಿಚಾರವನ್ನು ಎಲ್ಲರಿಗಿಂತ ಧೈರ್ಯವಾಗಿ ಕೊನೆಯವರೆಗೆ ಕೊಂಡೊಯ್ದವನು ಇದೇ ಪ್ರದೇಶದಲ್ಲಿ ಹುಟ್ಟಿದವನೆಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಇಸ್ಲಾಮಿಗೆ ಮೊದಲೂ, ಅದರ ಆರಂಭದ ದಿನಗಳಲ್ಲಿಯೂ ಈ ಕರಾವಳಿಯಲ್ಲಿ ಸಿರಿಯಾಕ್ ಭಾಷೆಯ ಕ್ರೈಸ್ತ ಸಭೆಗಳಿದ್ದವು. ಅವರು ಈ ಸೀಮೆಯನ್ನು ಬೇತ್ ಕತ್ರಾಯ, ಅಂದರೆ ಕತಾರಿಗಳ ನಾಡು, ಎಂದು ಕರೆಯುತ್ತಿದ್ದರು. ಇಂದಿನ ಕತಾರ್ ಮಾತ್ರವಲ್ಲದೆ ಬಹರೈನ್ ಮತ್ತು ಸೌದಿ ಅರೇಬಿಯದ ಪೂರ್ವ ಕರಾವಳಿಯೂ ಆ ಹೆಸರಿಗೆ ಸೇರುತ್ತಿದ್ದವು. 7ನೆಯ ಶತಮಾನದಲ್ಲಿ ಅಲ್ಲಿ ಹುಟ್ಟಿ ಸನ್ಯಾಸಿಯಾದ ಇಸಾಕನನ್ನು ಪೂರ್ವದ ಸಭೆಯ ಮುಖ್ಯಸ್ಥ ಗೀವರ್ಗೀಸನು ಟೈಗ್ರಿಸ್ ತೀರದ ನಿನೆವೆಗೆ ಬಿಷಪನನ್ನಾಗಿ ಮಾಡಿದ. ಇಸಾಕನು ಆ ಪದವಿಯಲ್ಲಿದ್ದುದು ಐದೇ ತಿಂಗಳು.

ಆತ ಬಿಟ್ಟುಹೋದದ್ದಕ್ಕೆ ಒಂದು ಕಥೆಯನ್ನು ಹೇಳುತ್ತಾರೆ. ಸಾಲ ಕೊಟ್ಟವನೂ ಸಾಲ ಪಡೆದವನೂ ಹೊಸ ಬಿಷಪನ ಬಳಿಗೆ ಬಂದರಂತೆ. ಸಾಲಗಾರ ಒಂದೇ ದಿನದ ವಾಯಿದೆ ಕೇಳಿದ, ಕೊಟ್ಟವನು ಒಪ್ಪಲಿಲ್ಲ. ಸುವಾರ್ತೆಯ ಉಪದೇಶವನ್ನು ಇಸಾಕನು ನೆನಪಿಸಿದಾಗ, ಸುವಾರ್ತೆಯನ್ನು ಸದ್ಯಕ್ಕೆ ಬದಿಗಿಡಿ ಎಂದನಂತೆ ಆ ಧನಿಕ. ಸುವಾರ್ತೆಗೇ ಸ್ಥಳವಿಲ್ಲದ ಕಡೆ ತನಗೇನು ಕೆಲಸವೆಂದು ಇಸಾಕನು ಹೊರಟುಹೋದ. ಕಥೆ ನಡೆದದ್ದೇ ಹೌದೋ ಅಲ್ಲವೋ, ಮನುಷ್ಯನ ಸ್ವಭಾವಕ್ಕಂತೂ ಒಪ್ಪುತ್ತದೆ. ಮುಂದೆ ಆತ ಇಂದಿನ ಇರಾನಿನ ಖೂಜಿಸ್ತಾನದ ಬೆಟ್ಟಗಳಲ್ಲಿ ಏಕಾಂತವಾಸಿಗಳೊಡನೆ ನೆಲೆಸಿದ, ಓದಿ ಓದಿ ಕಣ್ಣು ಕಳೆದುಕೊಂಡ. ಆತ ಹೇಳಿದ್ದನ್ನು ಶಿಷ್ಯರು ಬರೆದುಕೊಂಡರು. ಆ ಬರಹಗಳು ಗ್ರೀಕ್ ಭಾಷೆಗೂ ಅಲ್ಲಿಂದ ಸ್ಲಾವ್ ನಾಡುಗಳಿಗೂ ಹೋದವು. ದಾಸ್ತೋವ್‌ಸ್ಕಿಯ 'ಕರಮಜೋವ್ ಸಹೋದರರು' ಕಾದಂಬರಿಯಲ್ಲಿ ಮುದುಕ ಸೇವಕನೊಬ್ಬ ಇಸಾಕನ ಪುಸ್ತಕವನ್ನು ವರ್ಷಗಟ್ಟಲೆ ಓದುತ್ತಾನೆ, ಹೆಚ್ಚೇನೂ ಅರ್ಥವಾಗದಿದ್ದರೂ. ನಮಗೆ ಆ ಮುದುಕನ ಮೇಲೆ ಪ್ರೀತಿ.

ಇಸಾಕನ ಬರಹಗಳ ಎರಡನೆಯ ಭಾಗ ಕಳೆದುಹೋಯಿತೆಂದೇ ವಿದ್ವಾಂಸರು ಭಾವಿಸಿದ್ದರು. 1983ರಲ್ಲಿ ಸೆಬಾಸ್ಟಿಯನ್ ಬ್ರಾಕ್ ಅವರು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದ ಹಸ್ತಪ್ರತಿಯೊಂದರಲ್ಲಿ ಅದನ್ನು ಗುರುತಿಸಿದರು. 1995ರಲ್ಲಿ ಅದರ ಬಹುಭಾಗ ಅಚ್ಚಾಯಿತು. ನಮ್ಮ ವಿಷಯಕ್ಕೆ ಬೇಕಾದುದು ಆ ಭಾಗದ ಕೊನೆಯ ಅಧ್ಯಾಯಗಳಲ್ಲಿದೆ. ಇಸಾಕನ ವಾದ ಸರಳವಾದುದು. ನಮ್ಮನ್ನು ಸೃಷ್ಟಿಸುವ ಮೊದಲೇ, ನಾವು ಏನಾಗುವೆವು, ಎಲ್ಲಿ ಜಾರುವೆವು ಎಂಬುದೆಲ್ಲ ದೇವರಿಗೆ ತಿಳಿದಿತ್ತು. ತಿಳಿದೂ ಪ್ರೀತಿಯಿಂದಲೇ ಸೃಷ್ಟಿಸಿದ. ಹಾಗಾದರೆ ನಾವು ಜಾರಿದ ಮೇಲೆ ಆತ ಹೊಸದಾಗಿ ಏನನ್ನೋ ತಿಳಿದುಕೊಂಡು ಮುನಿಸಿಕೊಂಡ ಎನ್ನುವುದು ಹೇಗೆ? ಮೊದಲು ಪ್ರೀತಿಸಿ ಆಮೇಲೆ ದ್ವೇಷಿಸುವುದು, ಒಮ್ಮೆ ಒಲಿದು ಒಮ್ಮೆ ಸೇಡಿಡುವುದು ಮನುಷ್ಯರ ಗುಣ. ದೇವರ ಪ್ರೀತಿಯಲ್ಲಿ ಹೆಚ್ಚು ಕಡಿಮೆಯಿಲ್ಲ, ಹಿಂದು ಮುಂದಿಲ್ಲ. ಬೈಬಲಿನಲ್ಲಿ ಬರುವ ಕೋಪದ ಮಾತುಗಳು ನಮ್ಮ ತಿಳುವಳಿಕೆಯ ಮಟ್ಟಕ್ಕೆ ಇಳಿಸಿ ಆಡಿದವು. ದಂಡನೆಯೂ ಕೂಡ, ಇಸಾಕನ ಪ್ರಕಾರ, ಪ್ರೀತಿಯ ಉದ್ದೇಶದಿಂದ ಹೊರಗಿನದಲ್ಲ. ಈ ಕೊನೆಯ ಮಾತನ್ನು ಎಲ್ಲ ಸಭೆಗಳೂ ಒಪ್ಪಿಲ್ಲವೆಂಬುದನ್ನು ಹೇಳಲೇಬೇಕು. ಎಲ್ಲ ದೇಹಧಾರಿಗಳ ಪಾಪ ದೇವರ ಕರುಣೆಯ ಮುಂದೆ ಎಷ್ಟರದು ಎನ್ನುವುದಕ್ಕೆ ಆತ ಕೊಟ್ಟ ಹೋಲಿಕೆ, ಸಮುದ್ರಕ್ಕೆ ಎಸೆದ ಒಂದು ಹಿಡಿ ಮರಳು. ಮರಳೂ ಸಮುದ್ರವೂ ಕೂಡುವ ಕರಾವಳಿಯಲ್ಲಿ ಹುಟ್ಟಿದವನಿಗೆ ಬೇರೆ ಉಪಮೆ ಹುಡುಕಬೇಕಾಗಿರಲಿಲ್ಲವೇನೋ.

ಹಾಗಾದರೆ ಪ್ರಾರ್ಥನೆ ಏಕೆ? ಬದಲಾಗದವನನ್ನು ಬೇಡಿ ಪ್ರಯೋಜನವೇನು? ಈ ಪ್ರಶ್ನೆಗೆ ಉತ್ತರ ಕಾಕತಾಳೀಯವಾಗಿ ನಿನೆವೆಯ ಕಥೆಯಲ್ಲಿಯೇ ಇದೆ. ನಲವತ್ತು ದಿನಗಳಲ್ಲಿ ಪಟ್ಟಣ ನಾಶವಾಗುವುದೆಂದು ಯೋನನು ಸಾರಿದ, ಜನ ಪಶ್ಚಾತ್ತಾಪಪಟ್ಟರು, ದೇವರು ನಾಶಮಾಡಲಿಲ್ಲ. ಮೇಲುನೋಟಕ್ಕೆ ದೇವರು ಮನಸ್ಸು ಬದಲಿಸಿದಂತೆ ಕಾಣುತ್ತದೆ. ಆದರೆ ಯೋನನು ಸಿಟ್ಟಾಗಿ ಹೇಳುವುದನ್ನು ಗಮನಿಸಬೇಕು: ನೀನು ಕರುಣಾಳುವೆಂದು ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ನಾನು ಊರು ಬಿಟ್ಟು ಓಡಿದ್ದು ಎಂಬುದು ಅವನ ದೂರಿನ ಸಾರಾಂಶ. ತೀರ್ಪು ಬದಲಾದದ್ದು ಸ್ವಭಾವ ಬದಲಾಗದಿದ್ದುದರಿಂದ. ತಿರುಗಿದ್ದು ಪಟ್ಟಣ. ದೋಹಾದ ಬೇಸಿಗೆಯ ನಡುಹಗಲಲ್ಲಿ ಕಿಟಕಿಗೆ ಪರದೆ ಎಳೆದವನ ಕೋಣೆ ಕತ್ತಲಾಗುತ್ತದೆ. ಪರದೆ ಸರಿಸಿದಾಗ ಬೆಳಕು ಬರುತ್ತದೆ. ಸೂರ್ಯನನ್ನು ಒಲಿಸಿದೆವೆಂದು ಯಾರೂ ಹೇಳುವುದಿಲ್ಲ. ಪ್ರಾರ್ಥನೆಯ ಎಲ್ಲ ಅರ್ಥವೂ ಇದರಲ್ಲಿ ಬಂದುಹೋಯಿತೆಂದು ನಾವು ಹೇಳುವುದಿಲ್ಲ. ರೋಗಿಯ ಹಾಸಿಗೆಯ ಪಕ್ಕ ಕುಳಿತು ಬೇಡಿಕೊಂಡು, ಬೇಡಿದ್ದು ಆಗದೆ ಎದ್ದುಬಂದವರಿಗೆ ಈ ಉಪಮೆ ಸಾಲದು.

ಅಂಥವರಿಗೂ, ನಮ್ಮಂಥ ಪರವಾಸಿಗಳಿಗೂ ಇಸಾಕನು ಹೆಚ್ಚು ಹತ್ತಿರವಾಗುವುದು ಇನ್ನೊಂದು ಕಡೆ. ದೇವರನ್ನು ನ್ಯಾಯವಂತನೆಂದು ಕರೆಯಬೇಡಿರಿ ಎಂಬ ಅರ್ಥದ ಮಾತನ್ನಾಡಲು ಆತ ಹಿಂಜರಿಯಲಿಲ್ಲ. ಅದಕ್ಕೆ ಆತ ತೋರಿಸಿದ್ದು ಮತ್ತಾಯನ ಸುವಾರ್ತೆಯ ದ್ರಾಕ್ಷಿತೋಟದ ಸಾಮ್ಯ. ಬೆಳಿಗ್ಗೆ ಬಂದ ಕೂಲಿಯವನಿಗೂ ಸಂಜೆ ಒಂದು ಗಂಟೆ ದುಡಿದವನಿಗೂ ಯಜಮಾನನು ಅದೇ ಕೂಲಿ ಕೊಡುತ್ತಾನೆ. ಗಂಟೆಗಳ ಲೆಕ್ಕದಲ್ಲಿ ದುಡಿಯುವ ಊರಿನಲ್ಲಿ ಈ ಕಥೆಯನ್ನು ಓದಿದಾಗ ಮೊದಲು ಬರುವುದು ಬೆಳಗಿನ ಕೂಲಿಯವರ ಆಕ್ಷೇಪವೇ. ಆದರೆ ಸಂಜೆಯವರಾಗಿ ಬಂದವರೂ ನಮ್ಮಲ್ಲಿದ್ದಾರೆ. ಹತ್ತು ವರ್ಷ, ಇಪ್ಪತ್ತು ವರ್ಷ ದೇವಾಲಯದ ಕಡೆಗೆ ಮುಖಮಾಡದೆ, ಊರಿನಿಂದ ಸಾವಿನ ಸುದ್ದಿ ಬಂದ ರಾತ್ರಿ, ಇನ್ನು ಯಾವ ಮುಖದಿಂದ ಪ್ರಾರ್ಥಿಸಲಿ ಎಂದು ಕೇಳಿದವರು. ತಾಯಿ ಕೊನೆಯುಸಿರೆಳೆದಾಗ ಹತ್ತಿರವಿರಲಿಲ್ಲವೆಂಬ ಕೊರಗನ್ನು ಯಾರಿಗೂ ಹೇಳದವರು. ಅವರಿಗೆ ಇಸಾಕನ ಲೆಕ್ಕದಲ್ಲಿ ಉತ್ತರ ಒಂದೇ: ನೀವು ಬಿಟ್ಟುಹೋದ ಕಡೆಯೇ ಆತನಿದ್ದಾನೆ, ಅದೇ ಮನಸ್ಸಿನಿಂದ. ಕೊರಗನ್ನು ಇದು ಕೂಡಲೇ ಕಳೆಯುವುದಿಲ್ಲ. ಆದರೆ ಕೊರಗಿನ ಮೇಲೆ ದೇವರ ಮುನಿಸೆಂಬ ಇನ್ನೊಂದು ಹೊರೆಯನ್ನು ಹೊರಬೇಕಾಗಿಲ್ಲ.

ನಮ್ಮ ಮುಸಲ್ಮಾನ ಮಿತ್ರರಿಗೆ ಈ ಮಾತಿನ ಒಂದು ಅಂಶ ಅಪರಿಚಿತವಲ್ಲ. ಅಲ್ಲಾಹನ 99 ನಾಮಗಳಲ್ಲಿ ಅಲ್-ಬಾಕೀ, ಸದಾ ಉಳಿಯುವವನು, ಎಂಬುದೂ ಒಂದು.

2008ರ ಮಾರ್ಚ್ ತಿಂಗಳಲ್ಲಿ ದೋಹಾದ ಹೊರವಲಯದ ಮೆಸೈಮೀರಿನಲ್ಲಿ, ಅಂದಿನ ಅಮೀರರು ನೀಡಿದ ಭೂಮಿಯಲ್ಲಿ, ರೋಸರಿ ಮಾತೆಯ ದೇವಾಲಯ ಪ್ರತಿಷ್ಠೆಯಾಯಿತು. ಹೊರಗಡೆ ಶಿಲುಬೆಯಾಗಲಿ ಗಂಟೆಯ ಗೋಪುರವಾಗಲಿ ಇಲ್ಲ. ವಾರದ ರಜೆ ಶುಕ್ರವಾರವಾದುದರಿಂದ ಅಂದೇ ಅಲ್ಲಿ ಹೆಚ್ಚು ಜನ. 2024ರ ನವೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಅವರು ಇಸಾಕನ ಹೆಸರನ್ನು ರೋಮಿನ ಸಂತರ ಪಟ್ಟಿಗೆ ಸೇರಿಸಿದರು. ಆತ ಸೇರಿದ್ದ ಪೂರ್ವದ ಸಭೆ 5ನೆಯ ಶತಮಾನದಿಂದಲೇ ರೋಮಿನಿಂದ ಬೇರೆಯಾಗಿತ್ತು. ಬರುವ ಶುಕ್ರವಾರ ಮೆಸೈಮೀರಿಗೆ ಹೋಗುವವರು, ಬೇತ್ ಕತ್ರಾಯದ ಆ ಕುರುಡ ಸನ್ಯಾಸಿಯನ್ನು ಒಮ್ಮೆ ನೆನೆಯಬಹುದು.