ಮೂಲವ್ಯಾಧಿಯ ಮೂಲ ಎಲ್ಲಿ?

ಹಲ್ಲುನೋವನ್ನು ಊರಿಗೆಲ್ಲ ಹೇಳಿಕೊಳ್ಳುವ ನಾವು ಮೂಲವ್ಯಾಧಿಯನ್ನು ಮನೆಯವರಿಂದಲೂ ಮುಚ್ಚಿಡುತ್ತೇವೆ. ಒಂದೇ ಇಂಜೆಕ್ಷನ್‌ಗೆ ಗುಣವೆಂದು ಗೋಡೆಗಳ ಮೇಲೆ ಬರೆಸುವವರಿಗೆ ಈ ಸಂಕೋಚವೇ ಬಂಡವಾಳ.

ಗುದದ್ವಾರದ ಒಳಗೋಡೆಯಲ್ಲಿ ರಕ್ತನಾಳಗಳಿಂದ ಕೂಡಿದ ಮೆತ್ತೆಗಳು ಎಲ್ಲರಿಗೂ ಇರುತ್ತವೆ. ಮಲ, ವಾಯು ತಾವಾಗಿ ಸೋರದಂತೆ ತಡೆಯಲು ಇವು ನೆರವಾಗುತ್ತವೆ. ಪದೇ ಪದೇ ಒತ್ತಡ ಬಿದ್ದು ಇವು ಊದಿ ಕೆಳಗೆ ಜಾರಿದರೆ ಅದೇ ಮೂಲವ್ಯಾಧಿ. ಒಳಮೂಲದಲ್ಲಿ ಸಾಮಾನ್ಯವಾಗಿ ನೋವಿಲ್ಲದೆ ಕೆಂಪು ರಕ್ತ ಹೋಗುತ್ತದೆ. ಹೊರಮೂಲದಲ್ಲಿ ರಕ್ತ ಹೆಪ್ಪುಗಟ್ಟಿದರೆ ಕೂರಲಾಗದಷ್ಟು ನೋವು.

ಕಾರಣಗಳು

ಮುಖ್ಯ ಕಾರಣ ಮಲಬದ್ಧತೆ. ದೊಡ್ಡ ಕರುಳು ಮಲದಲ್ಲಿನ ನೀರನ್ನು ಹೀರುತ್ತದೆ. ಮಲ ಅಲ್ಲಿ ಉಳಿದಷ್ಟೂ ಗಟ್ಟಿಯಾಗುತ್ತದೆ, ತಿಣುಕಬೇಕಾಗುತ್ತದೆ. ಜಗಳೂರಿನ ಬಿಸಿಲಿನಲ್ಲಿ ಬೆವರಿಗೆ ತಕ್ಕಷ್ಟು ನೀರು ಕುಡಿಯದೆ ದುಡಿಯುವವರು, ಚನ್ನಗಿರಿಯಲ್ಲಿ ಅಡಿಕೆ ಸುಲಿಯಲು ದಿನವಿಡೀ ಕುಳಿತಿರುವವರು, ಹೊನ್ನಾಳಿ, ನ್ಯಾಮತಿಯ ಹೊಲಗದ್ದೆಗಳಲ್ಲಿ ಮರೆ ಸಿಗದೆ ಸಂಜೆವರೆಗೂ ತಡೆದುಕೊಳ್ಳುವ ಹೆಣ್ಣುಮಕ್ಕಳು ಮಲಬದ್ಧತೆಗೆ ಸುಲಭವಾಗಿ ತುತ್ತಾಗುತ್ತಾರೆ.

ಗರ್ಭಧಾರಣೆ, ಬೊಜ್ಜು, ಬಹುಕಾಲದ ಭೇದಿ, ಏರುವ ವಯಸ್ಸು ಕೂಡ ಕಾರಣವಾಗಬಹುದು. ಖಾರ ತಿಂದರೆ ಉರಿ ಹೆಚ್ಚಬಹುದು. ಆದರೆ ರೋಗದ ಬೇರು ಅದಲ್ಲ. ಶೌಚಾಲಯದಲ್ಲಿ ಮೊಬೈಲ್ ಹಿಡಿದು ಕೂರುವುದು ಈಚಿನ ಚಾಳಿ. ಅಮೆರಿಕದ ಬಾಸ್ಟನ್ನಿನಲ್ಲಿ 125 ಜನರ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಕೂರುವವರಲ್ಲಿ ಮೂಲವ್ಯಾಧಿಯ ಸಂಭವ ಶೇ 46ರಷ್ಟು ಹೆಚ್ಚು ಕಂಡುಬಂತು.

ತಡೆಯುವ ಬಗೆ

ಮದ್ದು ನಮ್ಮ ಅಡುಗೆಮನೆಯಲ್ಲೇ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ, ಜೋಳದಲ್ಲಿ 10 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ದೊಡ್ಡವರಿಗೆ ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. ಮುದ್ದೆ, ರೊಟ್ಟಿ ಬಿಟ್ಟು ಅನ್ನ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯಲ್ಲೇ ದಿನ ಕಳೆದರೆ ಕರುಳಿಗೆ ನಾರು ಎಲ್ಲಿಂದ ಬರಬೇಕು?

* ಸೊಪ್ಪು, ಕಾಳು, ಸೀಬೆಹಣ್ಣು ನಿತ್ಯ ಇರಲಿ. ನಾರನ್ನು ನಿಧಾನವಾಗಿ ಹೆಚ್ಚಿಸಿ, ಜೊತೆಗೆ ನೀರನ್ನೂ.
* ಕರೆ ಬಂದಾಗ ತಡೆಯಬೇಡಿ, ಬಾರದಿದ್ದಾಗ ತಿಣುಕಬೇಡಿ.
* ಐದು ನಿಮಿಷದಲ್ಲಿ ಶೌಚ ಮುಗಿಸಿ ಏಳಿ.
* ನಿತ್ಯ ಅರ್ಧ ಗಂಟೆ ನಡೆಯಿರಿ.
* ನೋವಿದ್ದರೆ ಟಬ್ಬಿನ ಉಗುರುಬೆಚ್ಚಗಿನ ನೀರಿನಲ್ಲಿ 10–15 ನಿಮಿಷ ಕುಳಿತುಕೊಳ್ಳಿ.

ರಕ್ತ ಕಂಡರೆ

ರಕ್ತವೆಲ್ಲ ಮೂಲವ್ಯಾಧಿಯದೇ ಅಲ್ಲ. ಗುದದ ಸೀಳು, ಕರುಳಿನ ಕ್ಯಾನ್ಸರ್‌ನಿಂದಲೂ ರಕ್ತ ಹೋಗುತ್ತದೆ. ಮಲ ಕಪ್ಪಾದರೆ, ತೂಕ ಇಳಿದರೆ, ಮಲವಿಸರ್ಜನೆಯ ರೀತಿ ಬದಲಾದರೆ ತಡಮಾಡಬೇಡಿ. ಸ್ವಲ್ಪಸ್ವಲ್ಪವೇ ರಕ್ತ ಬಹುಕಾಲ ಹೋದರೂ ರಕ್ತಹೀನತೆ ಬರುತ್ತದೆ. ತರಬೇತಿಯಿಲ್ಲದವರು ಕೊಡುವ ಇಂಜೆಕ್ಷನ್‌ನಿಂದ ಕೀವು, ಹುಣ್ಣು ಆಗಬಹುದು.

ಮೂಲವ್ಯಾಧಿ ಎಂದರೆ ಆಪರೇಷನ್ ಎಂದೇನೂ ಹೆದರಬೇಕಿಲ್ಲ. ಆರಂಭದ ಹಂತದಲ್ಲಿ ಆಹಾರಕ್ರಮದಿಂದಲೇ ಬಹಳ ಮಂದಿಗೆ ಹಿಡಿತಕ್ಕೆ ಬರುತ್ತದೆ. ಕೆಲವರಿಗೆ ರಬ್ಬರ್ ಬ್ಯಾಂಡ್ ಹಾಕಿ, ಅದೇ ದಿನ ಮನೆಗೆ ಕಳಿಸುತ್ತಾರೆ. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಇದು ನಿತ್ಯ ಕಾಣುವ ಕಾಯಿಲೆ. ಅವರ ಮುಂದೆ ನಾಚಿಕೆ ಬೇಡ.