ಜಾರುವ ಗಾಲಿಗೆ ಯಾರ ಲಗಾಮು?

ಜರ್ಮನಿಯ ಐಫೆಲ್ ಬೆಟ್ಟಸೀಮೆಯಲ್ಲಿ ನೂರ್ಬುರ್ಗ್‌ರಿಂಗ್ ಎಂಬ ಓಟದ ರಸ್ತೆಯಿದೆ. 1927ರಲ್ಲಿ ತೆರೆದ ಇದರ ಉತ್ತರದ ಸುತ್ತು ಸುಮಾರು 20.8 ಕಿಲೋಮೀಟರ್ ಉದ್ದ. ಕಾಡಿನ ನಡುವೆ ಏರಿಳಿಯುತ್ತ ಅಡಿಗಡಿಗೆ ತಿರುಗುವ ಈ ರಸ್ತೆಯಲ್ಲಿ ಒಂದು ಸುತ್ತು ಮುಗಿಸಲು ಎಷ್ಟು ಹೊತ್ತು ಹಿಡಿಯಿತು ಎಂಬುದು ಕಾರು ತಯಾರಕರಿಗೆ ಬಹಳ ಪ್ರತಿಷ್ಠೆಯ ವಿಷಯ.

2014ರಲ್ಲಿ ಸ್ಪೇನಿನ ಸೆಯಾಟ್ ಕಂಪನಿಯ ಲಿಯೊನ್ ಕೂಪ್ರಾ ಕಾರು ಈ ಸುತ್ತನ್ನು 7 ನಿಮಿಷ 58.4 ಸೆಕೆಂಡಿನಲ್ಲಿ ಮುಗಿಸಿತು. ಎಂಜಿನ್ನಿನ ಶಕ್ತಿ ಮುಂದಿನ ಗಾಲಿಗಳಿಗೆ ಮಾತ್ರ ಹೋಗುವ ಕಾರೊಂದು ಅಲ್ಲಿ 8 ನಿಮಿಷದ ಗಡಿ ದಾಟಿದ್ದು ದೊಡ್ಡ ಸುದ್ದಿಯಾಯಿತು. ಅದರ ಮುಂದಿನ ಗಾಲಿಗಳ ನಡುವೆ ಇದ್ದದ್ದು ಕಂಪ್ಯೂಟರ್ ಆಳುವ ಡಿಫರೆನ್ಷಿಯಲ್. ಅದೇ ವರ್ಷ ಫ್ರಾನ್ಸಿನ ರೆನೋ ಮೆಗಾನ್ 7 ನಿಮಿಷ 54.36 ಸೆಕೆಂಡಿನಲ್ಲಿ ಮುಗಿಸಿ ಆ ದಾಖಲೆ ಮುರಿಯಿತು. ಇದರದ್ದು ಕಂಪ್ಯೂಟರಿನ ಸಂಗವಿಲ್ಲದ ಯಾಂತ್ರಿಕ ಡಿಫರೆನ್ಷಿಯಲ್. 2015ರಲ್ಲಿ ಹೋಂಡಾ ಕಂಪನಿ ತನ್ನ ಸಿವಿಕ್ ಟೈಪ್-ಆರ್ ಕಾರಿನ 7 ನಿಮಿಷ 50.63 ಸೆಕೆಂಡಿನ ದಾಖಲೆಯನ್ನು ಪ್ರಕಟಿಸಿತು. ಅದೂ ಯಾಂತ್ರಿಕ. 2016ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕಾರಿನ ವಿಶೇಷ ಮಾದರಿಯೊಂದು 7 ನಿಮಿಷ 49.21 ಸೆಕೆಂಡಿನಲ್ಲಿ ಓಡಿತು. ಇದು ಮತ್ತೆ ವಿದ್ಯುನ್ಮಾನ. 2017ರಲ್ಲಿ ಹೊಸ ಸಿವಿಕ್ 7 ನಿಮಿಷ 43.8 ಸೆಕೆಂಡಿಗೆ ಇಳಿಸಿತು. ಮತ್ತೆ ಯಾಂತ್ರಿಕ!

ಕೈಗಡಿಯಾರದಿಂದ ಹಿಡಿದು ಎಲ್ಲದರಲ್ಲಿಯೂ ವಿದ್ಯುನ್ಮಾನ ಹೊಕ್ಕಿರುವ ಕಾಲದಲ್ಲಿ ಬರಿಯ ಹಲ್ಲುಚಕ್ರಗಳು ಕಂಪ್ಯೂಟರಿಗೆ ಹೀಗೆ ಸರಿಸಾಟಿಯಾಗಿ ನಿಲ್ಲುವುದು ಹೇಗೆ? ಇದನ್ನು ತಿಳಿಯಬೇಕಾದರೆ ಕಾರು ತಿರುವಿನಲ್ಲಿ ಸಾಗುವಾಗ ಏನಾಗುತ್ತದೆ ಎಂಬುದನ್ನು ಮೊದಲು ನೋಡಬೇಕು.

ಎರಡು ಗಾಲಿ, ಎರಡು ದಾರಿ

ಹಿಂದೆ ಸುಗ್ಗಿಯ ಕಣದಲ್ಲಿ ಮೇಟಿಯ ಸುತ್ತ ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆ ತುಳಿಸುತ್ತಿದ್ದುದನ್ನು ಮನೆಯ ಹಿರಿಯರು ಕಂಡಿರುತ್ತಾರೆ. ಮೇಟಿಯ ಪಕ್ಕದ ಎತ್ತು ನಿಂತಲ್ಲೇ ಹೆಜ್ಜೆ ಹಾಕಿದಂತೆ ತಿರುಗುತ್ತದೆ. ಸಾಲಿನ ಹೊರತುದಿಯ ಎತ್ತು ದಾಪುಗಾಲು ಹಾಕಬೇಕು. ತಿರುವಿನಲ್ಲಿ ಕಾರಿನ ಎರಡು ಗಾಲಿಗಳ ಕಥೆಯೂ ಇದೇ.

ಎಡಬಲ ಗಾಲಿಗಳ ನಡುವಿನ ಅಂತರ 1.5 ಮೀಟರ್ ಎಂದಿಟ್ಟುಕೊಳ್ಳೋಣ. ಕಾರು 10 ಮೀಟರ್ ತ್ರಿಜ್ಯದ ವೃತ್ತದಲ್ಲಿ ಒಂದು ಸುತ್ತು ಬಂದರೆ ಹೊರಗಾಲಿ ಸುಮಾರು 67.5 ಮೀಟರ್, ಒಳಗಾಲಿ 58.1 ಮೀಟರ್ ಸಾಗುತ್ತದೆ. ವ್ಯತ್ಯಾಸ 9.4 ಮೀಟರ್. ವೃತ್ತದ ತ್ರಿಜ್ಯವನ್ನು 100 ಮೀಟರ್ ಮಾಡಿದರೂ ವ್ಯತ್ಯಾಸ ಅದೇ 9.4 ಮೀಟರ್! ಏಕೆಂದು ವಿದ್ಯಾರ್ಥಿಗಳು ಕಾಗದದ ಮೇಲೆ ಲೆಕ್ಕ ಮಾಡಿ ನೋಡಬಹುದು. ಕಳೆಯುವಾಗ ತ್ರಿಜ್ಯ ಹೊರಟುಹೋಗಿ, 2π ಮತ್ತು ಗಾಲಿಗಳ ಅಂತರದ ಗುಣಲಬ್ಧ ಮಾತ್ರ ಉಳಿಯುತ್ತದೆ.

ಎರಡು ಗಾಲಿಗಳನ್ನೂ ಒಂದೇ ಅಚ್ಚಿಗೆ ಬಿಗಿದರೆ ಇಷ್ಟು ದೂರ ಯಾವುದಾದರೊಂದು ಟೈರು ರಸ್ತೆಗೆ ಉಜ್ಜಿಕೊಳ್ಳಲೇಬೇಕು. ಈ ತೊಡಕಿಗೆ ಪರಿಹಾರವೇ ಡಿಫರೆನ್ಷಿಯಲ್. ಫ್ರಾನ್ಸಿನ ಒನೆಸಿಫೋರ್ ಪೆಕ್ಕರ್ ಹಬೆಯ ಗಾಡಿಗಾಗಿ ಇದಕ್ಕೆ 1828ರಲ್ಲಿಯೇ ಪೇಟೆಂಟ್ ಪಡೆದಿದ್ದ. ಒಂದು ಪೆಟ್ಟಿಗೆಯೊಳಗಿನ ಕೆಲವು ಹಲ್ಲುಚಕ್ರಗಳು ಎಂಜಿನ್ನಿನ ಬಲವನ್ನು ಎರಡು ಗಾಲಿಗಳಿಗೂ ಕೊಡುತ್ತವೆ. ಆದರೆ ಒಂದು ಗಾಲಿ ನಿಧಾನವಾದಷ್ಟೇ ಇನ್ನೊಂದು ವೇಗವಾಗಲು ಬಿಡುತ್ತವೆ.

ಸಮಪಾಲಿನ ಸಂಕಟ

ಈ ಸರಳ ಏರ್ಪಾಡಿನಲ್ಲಿ ಒಂದು ಕೊರತೆಯಿದೆ. ಅದು ಎರಡೂ ಗಾಲಿಗಳಿಗೆ ಯಾವಾಗಲೂ ಸಮನಾದ ಟಾರ್ಕ್, ಅಂದರೆ ತಿರುಗಿಸುವ ಬಲವನ್ನು ಹಂಚುತ್ತದೆ. ಸಮಪಾಲು ನ್ಯಾಯವಾಗಿ ಕಂಡರೂ ಇಲ್ಲಿ ಅದೇ ಸಂಕಟಕ್ಕೆ ಕಾರಣ. ಒಂದು ಗಾಲಿ ಜಾರುಮಣ್ಣಿನಲ್ಲಿದ್ದು 300 ನ್ಯೂಟನ್-ಮೀಟರಿಗಿಂತ ಹೆಚ್ಚು ಟಾರ್ಕ್ ತಡೆಯಲಾರದು ಎನ್ನಿ. ಇನ್ನೊಂದು ಗಟ್ಟಿ ನೆಲದಲ್ಲಿದ್ದು 900 ತಡೆಯಬಲ್ಲದು. ಆದರೂ ಅದಕ್ಕೆ ಸಿಗುವುದು 300 ಮಾತ್ರ. ಒಟ್ಟು 600. ಹೆಚ್ಚು ಆಕ್ಸಲರೇಟರ್ ಒತ್ತಿದರೆ ಹಿಡಿತವಿಲ್ಲದ ಗಾಲಿ ಗಿರ್ರನೆ ಸುತ್ತುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಕೆಸರಿನಲ್ಲಿ ಹೀಗಾದಾಗ ಟ್ರ್ಯಾಕ್ಟರಿನ ಚಾಲಕ ಡಿಫರೆನ್ಷಿಯಲ್ ಲಾಕನ್ನು ಕಾಲಿನಿಂದ ಒತ್ತಿ ಎರಡು ಗಾಲಿಗಳನ್ನೂ ಒಂದು ಮಾಡುತ್ತಾನೆ. ವೇಗವಾಗಿ ತಿರುಗುವ ಕಾರಿನಲ್ಲಿ ಹಾಗೆ ಪೂರ್ತಿ ಬಿಗಿಯುವಂತಿಲ್ಲ. ಅಲ್ಲಿ ಬೇಕಾದದ್ದು ಅಷ್ಟಿಷ್ಟು ಜಾರಲು ಬಿಟ್ಟು, ಮಿತಿ ಮೀರಿದರೆ ತಡೆಯುವ ಸಾಧನ. ಅದೇ ಲಿಮಿಟೆಡ್ ಸ್ಲಿಪ್, ಅಂದರೆ ಮಿತಜಾರು ಡಿಫರೆನ್ಷಿಯಲ್.

ಮುಂದಿನ ಗಾಲಿಗಳಿಂದ ಓಡುವ ಕಾರಿಗೆ ಈ ಸಂಕಟ ಇನ್ನೂ ಹೆಚ್ಚು. ಅಂಬಾಸಿಡರ್ ಕಾರಿನಲ್ಲಿ ತಿರುಗುವ ಕೆಲಸ ಮುಂದಿನ ಗಾಲಿಗಳದ್ದು, ತಳ್ಳುವ ಕೆಲಸ ಹಿಂದಿನವುಗಳದ್ದು. 1983ರ ಕೊನೆಯಲ್ಲಿ ಬಂದ ಮಾರುತಿ 800 ಕಾರಿನಲ್ಲಿ ಎರಡು ಹೊಣೆಯೂ ಮುಂದಿನ ಗಾಲಿಗಳ ಮೇಲೆಯೇ ಬಿತ್ತು. ಕಾರು ವೇಗ ಹೆಚ್ಚಿಸಿದಾಗ ಭಾರ ಹಿಂದಕ್ಕೆ ವಾಲಿ ಮುಂದಿನ ಗಾಲಿಗಳ ಹಿಡಿತ ತಗ್ಗುತ್ತದೆ. ತಿರುವಿನಲ್ಲಿ ಭಾರ ಹೊರಮಗ್ಗುಲಿಗೆ ವಾಲಿ ಒಳಗಾಲಿ ಮತ್ತಷ್ಟು ಹಗುರಾಗುತ್ತದೆ. ಸಣ್ಣ ಎಂಜಿನ್ನಿನ ಕಾರಿಗೆ ಇದರಿಂದ ಅಷ್ಟಾಗಿ ತೊಂದರೆಯಿಲ್ಲ. ಆದರೆ 300 ಅಶ್ವಶಕ್ತಿಯ ಕಾರು ತಿರುವಿನಿಂದ ಹೊರಬರುವಾಗ ಒಳಗಾಲಿ ಹೊಗೆಯೆಬ್ಬಿಸಿ ಸುತ್ತುತ್ತದೆ. ಕಾರಿನ ಮೂತಿ ಚಾಲಕ ತಿರುಗಿಸಿದತ್ತ ಹೋಗದೆ ತಿರುವಿನ ಹೊರಗಡೆಗೆ ಸರಿಯುತ್ತದೆ.

ಹಲ್ಲುಗಳ ಜಾಣ್ಮೆ

ಯಾಂತ್ರಿಕ ಸಾಧನಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಕ್ಲಚ್ ಪ್ಲೇಟುಗಳ ಕಟ್ಟು ಇರುತ್ತದೆ. ಎಂಜಿನ್ ಬಲ ಹೆಚ್ಚಿದಂತೆ ಪ್ಲೇಟುಗಳು ಒತ್ತಿಕೊಂಡು ಗಾಲಿಗಳ ವೇಗದ ವ್ಯತ್ಯಾಸವನ್ನು ತಡೆಯುತ್ತವೆ. ಪ್ಲೇಟುಗಳು ಸವೆಯುತ್ತವೆ, ಸದ್ದು ಮಾಡುತ್ತವೆ. ರೇಸಿನ ಕಾರುಗಳಿಗೆ ಅದು ಅಡ್ಡಿಯಲ್ಲ.

ಎರಡನೆಯದು ಓರೆಹಲ್ಲಿನ ಗೇರುಗಳದ್ದು. ಸಿವಿಕ್ ಟೈಪ್-ಆರ್ ಕಾರಿನಲ್ಲಿರುವುದು ಇದೇ ಬಗೆ. ಹಲ್ಲುಗಳು ಓರೆಯಾಗಿರುವುದರಿಂದ ಬಲ ಬಿದ್ದಾಗ ಗೇರುಗಳು ಪಕ್ಕಕ್ಕೆ ಸರಿದು ಪೆಟ್ಟಿಗೆಯ ಗೋಡೆಗೆ ಒತ್ತಿಕೊಳ್ಳುತ್ತವೆ. ಅಲ್ಲಿ ಹುಟ್ಟುವ ಘರ್ಷಣೆಯೇ ಜಾರುವ ಗಾಲಿಯನ್ನು ತಡೆದು ಬಲವನ್ನು ಇನ್ನೊಂದಕ್ಕೆ ಸಾಗಿಸುತ್ತದೆ. ಒತ್ತುವ ಬಲವೂ ತಡೆಯುವ ಬಲವೂ ಒಟ್ಟಿಗೇ ಹುಟ್ಟುವುದರಿಂದ ಅಳೆಯುವ, ಯೋಚಿಸುವ ಹೊತ್ತು ಇಲ್ಲಿ ಬೇಕಿಲ್ಲ. ಬಲವನ್ನು ತಾನೇ ಅರಿಯುವ ಇಂಥ ಗೇರುಗಳಿಗೆ ಅಮೆರಿಕದ ವರ್ನನ್ ಗ್ಲೀಸ್‌ಮನ್ 1958ರಲ್ಲಿ ಪೇಟೆಂಟ್ ಪಡೆದ. ‘ಟಾರ್ಕ್ ಸೆನ್ಸಿಂಗ್’ ಎಂಬ ಮಾತೇ ಮುಂದೆ ‘ಟಾರ್ಸೆನ್’ ಎಂಬ ಹೆಸರಾಯಿತು.

ಈ ಬಗೆಯ ಡಿಫರೆನ್ಷಿಯಲ್ ಹಿಡಿತ ಕಡಿಮೆಯಿರುವ ಗಾಲಿಯ ಟಾರ್ಕಿನ ಇಂತಿಷ್ಟು ಪಟ್ಟು ಟಾರ್ಕನ್ನು ಇನ್ನೊಂದಕ್ಕೆ ಕೊಡಬಲ್ಲದು. ಅದು ಎರಡೂವರೆ ಪಟ್ಟು ಎಂದಿಟ್ಟುಕೊಂಡರೆ ಹಿಂದಿನ ಲೆಕ್ಕದಲ್ಲಿ ಹೊರಗಾಲಿಗೆ 300 ಅಲ್ಲ, 750 ಸಿಗುತ್ತದೆ. ಒಟ್ಟು 1,050. ಆದರೆ ಒಳಗಾಲಿ ರಸ್ತೆಯ ಉಬ್ಬಿನ ಮೇಲೆ ಹಾರಿ ಗಾಳಿಯಲ್ಲಿ ನಿಂತರೆ? ಅದರ ಟಾರ್ಕ್ ಸೊನ್ನೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಓರೆಹಲ್ಲಿನ ಜಾಣ್ಮೆ ಅಲ್ಲಿಗೆ ಮುಗಿಯುತ್ತದೆ.

ಹೊತ್ತರಿತು ಬಿಗಿಯುವ ಕ್ಲಚ್

ಫೋಕ್ಸ್‌ವ್ಯಾಗನ್ 2013ರಲ್ಲಿ ಏಳನೆಯ ಪೀಳಿಗೆಯ ಗಾಲ್ಫ್ ಜಿಟಿಐ ಕಾರಿಗೆ ಅಳವಡಿಸಿದ ವಿದ್ಯುನ್ಮಾನ ಸಾಧನ ಬೇರೆಯೇ ರೀತಿಯದು. ಡಿಫರೆನ್ಷಿಯಲ್ ಮಾತ್ರ ಸಾಮಾನ್ಯದ್ದೇ. ಅದಕ್ಕೂ ಬಲಗಾಲಿಯ ಅಚ್ಚಿಗೂ ನಡುವೆ ಹಲವು ಪ್ಲೇಟುಗಳ ಒಂದು ಕ್ಲಚ್ ಇದೆ. ಗಾಲಿಗಳ ವೇಗ, ಸ್ಟಿಯರಿಂಗ್ ತಿರುಗಿದ ಕೋನ, ಕಾರು ತನ್ನ ಸುತ್ತ ತಾನು ತಿರುಗುವ ವೇಗ ಇವನ್ನೆಲ್ಲ ಸೆನ್ಸರುಗಳು ಅಳೆಯುತ್ತವೆ. ಕಂಪ್ಯೂಟರ್ ಲೆಕ್ಕ ಹಾಕಿ ಪಂಪಿಗೆ ಆಜ್ಞೆ ಕೊಟ್ಟೊಡನೆ ಎಣ್ಣೆಯ ಒತ್ತಡ ಪ್ಲೇಟುಗಳನ್ನು ಬೇಕಾದಷ್ಟು ಬಿಗಿಯುತ್ತದೆ. ಇಲ್ಲಿ ಗುಣಾಕಾರದ ಕಟ್ಟಿಲ್ಲ. ಒಳಗಾಲಿ ಗಾಳಿಯಲ್ಲಿದ್ದರೂ ಕ್ಲಚ್ ಬಿಗಿದು ಹೊರಗಾಲಿಗೆ ಬಲ ಕಳಿಸಬಹುದು.

ಇನ್ನೊಂದು ಸೂಕ್ಷ್ಮವೂ ಇದೆ. ಯಾವುದೇ ಕ್ಲಚ್ ಬಲವನ್ನು ಸಾಗಿಸುವುದು ವೇಗದ ಗಾಲಿಯಿಂದ ನಿಧಾನದ ಗಾಲಿಗೆ. ತಿರುವಿಗೆ ಹೊಗುವಾಗ ಹೊರಗಾಲಿಯೇ ವೇಗದಲ್ಲಿರುತ್ತದೆ. ಆಗ ಬಿಗಿದರೆ ಬಲ ಒಳಗಾಲಿಗೆ ಹೋಗಿ ಕಾರು ತಿರುಗಲು ಒಲ್ಲೆನ್ನುತ್ತದೆ. ತಿರುವಿನಿಂದ ಹೊರಬರುತ್ತ ಒಳಗಾಲಿ ಜಾರತೊಡಗಿದಾಗ ಬಿಗಿದರೆ ಬಲ ಹೊರಗಾಲಿಗೆ ಹೋಗಿ ಕಾರಿನ ಮೂತಿಯನ್ನು ಒಳಕ್ಕೆ ಎಳೆಯುತ್ತದೆ. ಆದ್ದರಿಂದ ಯಾವಾಗ ಬಿಡಬೇಕು, ಯಾವಾಗ ಬಿಗಿಯಬೇಕು ಎಂಬುದೇ ಮುಖ್ಯ. ಕಂಪ್ಯೂಟರಿನ ಹೆಚ್ಚುಗಾರಿಕೆ ಇರುವುದು ಇಲ್ಲಿ. ಬ್ರೇಕ್ ಹಾಕುವಾಗ ಪೂರ್ತಿ ಸಡಿಲಿಸಬಹುದು, ಮಳೆಗೆ ಒಂದು ಹದ, ರೇಸಿಗೆ ಇನ್ನೊಂದು ಹದ ಇಡಬಹುದು.

ಮುಂದಿನ ಗಾಲಿಗಳಿಗೆ ಬೇರೆ ಬೇರೆ ಟಾರ್ಕ್ ಹೋದಾಗ ಸ್ಟಿಯರಿಂಗ್ ಕೈಯಲ್ಲಿ ಜಗ್ಗುತ್ತದೆ. 2009ರ ಫೋರ್ಡ್ ಫೋಕಸ್ ಆರ್‌ಎಸ್ ಕಾರಿನಲ್ಲಿ ಯಾಂತ್ರಿಕ ಡಿಫರೆನ್ಷಿಯಲ್ ಜೊತೆಗೆ ಈ ಜಗ್ಗಾಟ ತಗ್ಗಿಸಲೆಂದೇ ಮುಂಭಾಗದ ಸಸ್ಪೆನ್ಷನ್ನನ್ನು ಬೇರೆ ರೀತಿ ಕಟ್ಟಬೇಕಾಯಿತು. ಕಂಪ್ಯೂಟರ್ ಆದರೆ ನೇರ ರಸ್ತೆಯಲ್ಲಿ ಬಿಗಿತವನ್ನು ಬೇಕಾದಷ್ಟಕ್ಕೆ ಇಳಿಸಿಕೊಳ್ಳಬಹುದು. ಇದಕ್ಕೆ ಪ್ರತಿಯಾಗಿ ಪಂಪು, ಎಣ್ಣೆ, ಸೆನ್ಸರು, ವೈರುಗಳು ಸೇರಿಕೊಳ್ಳುತ್ತವೆ. ಇವುಗಳಲ್ಲಿ ಒಂದು ಕೆಟ್ಟರೂ ಸಾಧನದ ಕೆಲಸ ಕೆಡುತ್ತದೆ. ಓರೆಹಲ್ಲಿನ ಗೇರಿಗೆ ವಿದ್ಯುತ್ತಿನ ಹಂಗಿಲ್ಲ. ಅದು ಪ್ರತಿಸಲವೂ ಒಂದೇ ರೀತಿ ವರ್ತಿಸುವುದರಿಂದ ನುರಿತ ಚಾಲಕನಿಗೆ ಮುಂದೇನಾಗುತ್ತದೆಂಬ ಅಂದಾಜು ಸಿಗುತ್ತದೆ. ಫೋರ್ಡ್ ಕಂಪನಿಯೇ 2018ರ ಚಿಕ್ಕ ಫಿಯೆಸ್ಟಾ ಎಸ್‌ಟಿಗೆ ಯಾಂತ್ರಿಕ ಸಾಧನವನ್ನೂ, 2019ರ ದೊಡ್ಡ ಫೋಕಸ್ ಎಸ್‌ಟಿಗೆ ವಿದ್ಯುನ್ಮಾನ ಸಾಧನವನ್ನೂ ಆರಿಸಿಕೊಂಡಿತು. ಹ್ಯುಂಡೈ 2017ರ ಐ30 ಎನ್ ಕಾರಿನಲ್ಲಿ ವಿದ್ಯುನ್ಮಾನದ ಹಾದಿ ಹಿಡಿಯಿತು.

ಹೆಸರು ಒಂದು, ಕೆಲಸ ಇನ್ನೊಂದು

ಕಾರು ಕೊಳ್ಳುವ ತಂದೆತಾಯಿಗಳು ಗಮನಿಸಬೇಕಾದ ವಿಷಯ ಒಂದಿದೆ. ಹಲವು ಕಾರುಗಳ ಪ್ರಚಾರ ಪುಸ್ತಿಕೆಗಳಲ್ಲಿ ‘ಎಲೆಕ್ಟ್ರಾನಿಕ್ ಡಿಫರೆನ್ಷಿಯಲ್ ಲಾಕ್’ ಎಂದಿರುತ್ತದೆ. ಅನೇಕ ವೇಳೆ ಅಲ್ಲಿ ವಿಶೇಷ ಡಿಫರೆನ್ಷಿಯಲ್ ಇರುವುದೇ ಇಲ್ಲ, ಕ್ಲಚ್ಚೂ ಇಲ್ಲ. ಜಾರುವ ಗಾಲಿಗೆ ಕಂಪ್ಯೂಟರ್ ಬ್ರೇಕ್ ಹಾಕುತ್ತದೆ, ಅಷ್ಟೆ. ಫೋಕ್ಸ್‌ವ್ಯಾಗನ್ ಕೂಡ 2009ರ ಆರನೆಯ ಪೀಳಿಗೆಯ ಗಾಲ್ಫ್ ಜಿಟಿಐ ಕಾರಿನಲ್ಲಿ ಇದೇ ಉಪಾಯ ಮಾಡಿತ್ತು. ನಮ್ಮ ಲೆಕ್ಕದ ಒಳಗಾಲಿಗೆ 400 ನ್ಯೂಟನ್-ಮೀಟರಿನಷ್ಟು ಬ್ರೇಕ್ ಹಾಕಿದರೆ ಡಿಫರೆನ್ಷಿಯಲ್ಲಿಗೆ ಆ ಗಾಲಿ 700 ತಡೆಯುತ್ತಿರುವಂತೆ ತೋರುತ್ತದೆ. ಸಮಪಾಲಿನ ನಿಯಮದಂತೆ ಹೊರಗಾಲಿಗೂ 700 ಸಿಗುತ್ತದೆ. ರಸ್ತೆಗೆ ತಲಪುವುದು ಒಟ್ಟು 1,000. ಆದರೆ ಆ 400ಕ್ಕಾಗಿ ಎಂಜಿನ್ ಮಾಡಿದ ದುಡಿಮೆ ಬ್ರೇಕಿನಲ್ಲಿ ಶಾಖವಾಗಿ ಕಳೆದುಹೋಗುತ್ತದೆ.

ದಿನಬಳಕೆಗೆ ಈ ಉಪಾಯ ಕಡಿಮೆ ಖರ್ಚಿನದು, ಉಪಯುಕ್ತವೂ ಹೌದು. ಆದರೆ ಇದನ್ನೇ 2025ರಲ್ಲಿ ಭಾರತಕ್ಕೆ ಬಂದ ಗಾಲ್ಫ್ ಜಿಟಿಐ ಕಾರಿನ ಕ್ಲಚ್ ಸಾಧನಕ್ಕೆ ಸಮವೆಂದು ಎಣಿಸಿದರೆ ತಪ್ಪಾಗುತ್ತದೆ. ‘ಇದು ಬಿಗಿಯುವುದು ಕ್ಲಚ್ಚಿನಿಂದಲೋ, ಬ್ರೇಕಿನಿಂದಲೋ?’ ಎಂದು ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳಿದರೆ ಗೊತ್ತಾಗುತ್ತದೆ.

ಕೊನೆಯ ಮಾತು ರಸ್ತೆಯದು

ಇನ್ನು ಆ ಜರ್ಮನಿಯ ಸುತ್ತು. 2019ರಲ್ಲಿ ರೆನೋ ಮೆಗಾನ್ ಯಾಂತ್ರಿಕ ಟಾರ್ಸೆನ್ ಸಾಧನದೊಂದಿಗೆ 20.832 ಕಿಲೋಮೀಟರಿನ ಪೂರ್ಣ ಸುತ್ತನ್ನು 7 ನಿಮಿಷ 45.389 ಸೆಕೆಂಡಿನಲ್ಲಿ ಮುಗಿಸಿತು. 2017ರ ಸಿವಿಕ್ ದಾಖಲೆಯ ಅಳತೆ ಇದಕ್ಕಿಂತ ತುಸು ಗಿಡ್ಡ ಸುತ್ತಿನದು. 2023ರಲ್ಲಿ ಹೊಸ ಸಿವಿಕ್ ಟೈಪ್-ಆರ್ ಪೂರ್ಣ ಸುತ್ತನ್ನು 7 ನಿಮಿಷ 44.881 ಸೆಕೆಂಡಿನಲ್ಲಿ ಓಡಿತು. ಅದೂ ಯಾಂತ್ರಿಕವೇ. ಹಾಗೆಂದು ವಿದ್ಯುನ್ಮಾನ ಸೋತಿತು ಎನ್ನುವಂತಿಲ್ಲ. ಈ ದಾಖಲೆಗಳಲ್ಲಿ ಟೈರು, ತೂಕ, ಎಂಜಿನ್, ಚಾಲಕ ಎಲ್ಲವೂ ಬೇರೆ ಬೇರೆ. ನುರಿತ ಚಾಲಕ ಒಣ ರಸ್ತೆಯಲ್ಲಿ ಓಡಿಸುವಾಗ ಯಾಂತ್ರಿಕ ಸಾಧನ ಕಂಪ್ಯೂಟರಿಗೆ ಬಿಟ್ಟುಕೊಡಬೇಕಾಗಿಲ್ಲ ಎಂದಷ್ಟೇ ಇವುಗಳಿಂದ ತಿಳಿಯುತ್ತದೆ. ದಿನವೂ ಬದಲಾಗುವ ರಸ್ತೆ, ಮಳೆ, ಸಾಮಾನ್ಯ ಚಾಲಕರಿಗೆ ಹಲವು ಹದಗಳಿರುವ ವಿದ್ಯುನ್ಮಾನ ಸಾಧನ ಹೆಚ್ಚು ಒಗ್ಗುತ್ತದೆ.

ಎರಡಕ್ಕೂ ಮೀರಿದ ಒಂದು ಮಿತಿಯನ್ನು ಮಾತ್ರ ಕಾರಿನ ಮೋಹವಿರುವ ಹುಡುಗ ಹುಡುಗಿಯರು ಮರೆಯಬಾರದು. ಸಮತಟ್ಟಾದ ತಿರುವಿನಲ್ಲಿ ಕಾರು ಜಾರದೆ ಸಾಗಬಹುದಾದ ಗರಿಷ್ಠ ವೇಗವೆಂದರೆ ಘರ್ಷಣಾಂಕ, ಗುರುತ್ವ ವೇಗೋತ್ಕರ್ಷ, ತಿರುವಿನ ತ್ರಿಜ್ಯ ಈ ಮೂರರ ಗುಣಲಬ್ಧದ ವರ್ಗಮೂಲ ಎಂದು ಪಿಯುಸಿ ಪಠ್ಯದಲ್ಲಿ ಓದುತ್ತಾರೆ. 50 ಮೀಟರ್ ತ್ರಿಜ್ಯದ ತಿರುವು, ಒಣ ರಸ್ತೆಯ ಘರ್ಷಣಾಂಕ 0.8 ಆದರೆ ವೇಗ ಸೆಕೆಂಡಿಗೆ 19.8 ಮೀಟರ್, ಅಂದರೆ ಗಂಟೆಗೆ ಸುಮಾರು 71 ಕಿಲೋಮೀಟರ್. ಮಳೆ ಬಿದ್ದು ಘರ್ಷಣಾಂಕ 0.4ಕ್ಕೆ ಇಳಿದರೆ ವೇಗ ಗಂಟೆಗೆ 50 ಕಿಲೋಮೀಟರ್. ಡಿಫರೆನ್ಷಿಯಲ್ ಮಾಡಬಲ್ಲದ್ದು ಇರುವ ಹಿಡಿತವನ್ನು ಪೋಲಾಗದಂತೆ ಹಂಚುವುದನ್ನು ಮಾತ್ರ. ಹೊಸ ಹಿಡಿತವನ್ನು ಹುಟ್ಟಿಸುವುದು ಅದರ ಕೈಲಾಗದು. ಸೂತ್ರದಲ್ಲಿ ಮತ್ತೊಮ್ಮೆ ಹುಡುಕಿ ನೋಡಿ. ಕಾರಿನ ಬೆಲೆಯಾಗಲಿ, ಕಂಪನಿಯ ಹೆಸರಾಗಲಿ, ಡಿಫರೆನ್ಷಿಯಲ್ ಆಗಲಿ ಅದರಲ್ಲಿ ಎಲ್ಲಿಯೂ ಇಲ್ಲ.