ಪಡುವಾದ ಸಮಾಧಿ, ಡೋರ್ನಹಳ್ಳಿಯ ಹರಕೆ

ವಿದೇಶ ಪ್ರವಾಸ ಮುಗಿಸಿ ಬಂದವರ ಛಾಯಾಚಿತ್ರಗಳಲ್ಲಿ ಚರ್ಚುಗಳಿಗೆ ಒಂದು ಸ್ಥಾನ ಮೀಸಲಾಗಿರುತ್ತದೆ. ಗೋಪುರದ ಎತ್ತರ, ಬಣ್ಣದ ಗಾಜಿನ ಕಿಟಕಿ, ಅಮೃತಶಿಲೆಯ ಕೆತ್ತನೆ ಇವುಗಳನ್ನು ವರ್ಣಿಸುವುದರಲ್ಲಿ ನಾವು ಉದಾರಿಗಳು. ಒಳಗೆ ನಡೆಯುವ ಆರಾಧನೆಯ ಬಗ್ಗೆ ಮಾತ್ರ ನಮ್ಮ ಕುತೂಹಲ ಅಷ್ಟಕ್ಕಷ್ಟೆ. ಅದು ಅನ್ಯರದು ಎಂಬ ಭಾವನೆ ಓದಿದವರಲ್ಲೂ ಬೇರೂರಿದೆ.

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನೋಡಲು ಬಂದವರಿಗೆ ಪ್ರವೇಶ ಶುಲ್ಕವಿದೆ, ಪ್ರಾರ್ಥನೆಗೆ ಬಂದವರಿಗಿಲ್ಲ. ಹಣ ಕೊಟ್ಟವರಿಗೆ ಶೀಘ್ರ ದರ್ಶನ ಕೊಡಿಸುವ ನಮ್ಮ ವ್ಯವಸ್ಥೆಗೆ ಇದು ತದ್ವಿರುದ್ಧ. ಅರ್ಥಶಾಸ್ತ್ರ ಓದಿದ ನನಗೆ ಅವರ ಲೆಕ್ಕಾಚಾರವೇ ಹೆಚ್ಚು ಸರಿ ಎನಿಸಿತು. ಆದರೂ ಶುಲ್ಕ ಕೊಟ್ಟವರ ಸಾಲು ಉದ್ದವಾಗಿತ್ತು. ಪ್ರಾರ್ಥನೆಯ ಆಸನಗಳು ಬಹುಪಾಲು ಖಾಲಿಯಿದ್ದವು.

ಇಟಲಿಯ ಪಡುವಾ ನಗರದಲ್ಲಿ ಕಂಡದ್ದು ಬೇರೆ. ಲಿಸ್ಬನ್ನಿನಲ್ಲಿ ಹುಟ್ಟಿ, ಫ್ರಾನ್ಸಿಸ್ಕನ್ ಸನ್ಯಾಸಿಯಾಗಿ, 1231ರ ಜೂನ್ 13ರಂದು ಪಡುವಾದ ಬಳಿ ನಿಧನರಾದ ಅಂತೋಣಿಯವರ ಸಮಾಧಿ ಅಲ್ಲಿದೆ. ವರ್ಷ ತುಂಬುವ ಮೊದಲೇ ಅವರಿಗೆ ಸಂತ ಪದವಿ ದೊರಕಿತು. ಭಕ್ತರು ಒಬ್ಬೊಬ್ಬರಾಗಿ ಬಂದು ಸಮಾಧಿಯ ಕಲ್ಲಿಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಪಕ್ಕದಲ್ಲಿ ಅಪಘಾತದಿಂದ ಪಾರಾದವರ, ಕಾಯಿಲೆ ವಾಸಿಯಾದ ಮಕ್ಕಳ ಭಾವಚಿತ್ರಗಳು, ಕೈಬರಹದ ಚೀಟಿಗಳು. ಇದಕ್ಕೆ ಕನ್ನಡದಲ್ಲಿ ಹರಕೆ ಎನ್ನದೆ ಬೇರೇನು ಹೇಳುವುದು? ಅಂತೋಣಿಯವರನ್ನು ಸಮಾಧಿ ಮಾಡಿದ್ದು ಮಂಗಳವಾರ. ಆದ್ದರಿಂದ ಮಂಗಳವಾರ ಅವರ ವಾರ. ನಮ್ಮ ದೇವರುಗಳಿಗೂ ವಾರಗಳಿಲ್ಲವೇ?

ಅದೇ ಸಂತರ ನೆಲೆಯೊಂದು ನಮ್ಮ ಕೃಷ್ಣರಾಜನಗರ ತಾಲ್ಲೂಕಿನ ಡೋರ್ನಹಳ್ಳಿಯಲ್ಲಿದೆ. ಸುಮಾರು ಇನ್ನೂರು ವರ್ಷಗಳ ಹಿಂದೆ ಹೊಲ ಉಳುತ್ತಿದ್ದ ರೈತನಿಗೆ ಮರದ ವಿಗ್ರಹವೊಂದು ಸಿಕ್ಕಿತು; ಅದರ ಮಹಿಮೆ ಅರಿಯದೆ ಆತ ಅಲಕ್ಷಿಸಿದ; ಸಂತರು ಕನಸಿನಲ್ಲಿ ಬಂದು ಗುಡಿ ಕಟ್ಟಿಸೆಂದರು. ಇದು ಅಲ್ಲಿನ ಐತಿಹ್ಯ. ನೇಗಿಲಿಗೆ ಸಿಕ್ಕಿ, ಕನಸಿನಲ್ಲಿ ಗುಡಿ ಕೇಳಿದ ದೇವರುಗಳು ನಮ್ಮ ಸೀಮೆಯಲ್ಲಿ ಎಷ್ಟಿಲ್ಲ! ಐತಿಹ್ಯದ ಸತ್ಯಾಸತ್ಯತೆಗಿಂತ ನನಗೆ ಮುಖ್ಯವೆನಿಸುವುದು, ಲಿಸ್ಬನ್ನಿನ ಸನ್ಯಾಸಿಯನ್ನು ಇಲ್ಲಿನ ಒಕ್ಕಲು ಮಕ್ಕಳು ತಮ್ಮದೇ ಕಥೆಯೊಳಗೆ ಬರಮಾಡಿಕೊಂಡ ಬಗೆ. 2019ರಲ್ಲಿ ರೋಮ್ ಈ ದೇವಾಲಯಕ್ಕೆ ಕಿರಿಯ ಬಸಿಲಿಕದ ಮಾನ್ಯತೆ ನೀಡಿತು. ಜನರ ಮಾನ್ಯತೆ ಅದಕ್ಕೆ ಬಹು ಹಿಂದೆಯೇ ದೊರೆತಿತ್ತು. ಜೂನ್ 13ರ ಹಬ್ಬಕ್ಕೆ ಬರುವವರಲ್ಲಿ ಹಣೆಗೆ ಕುಂಕುಮ, ವಿಭೂತಿ ಇಟ್ಟವರೂ ಇರುತ್ತಾರೆ. ಯಾರೂ ಅವರ ಮತವನ್ನು ಕೇಳುವುದಿಲ್ಲ.

ಅದೇ ಕಾಲದಲ್ಲಿ ಮೈಸೂರು ಸೀಮೆಯಲ್ಲಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯಿಸ್ ಪೇಟ ಸುತ್ತಿ, ಸಸ್ಯಾಹಾರಿಯಾಗಿ, ಈ ನೆಲದವರಂತೆಯೇ ಬಾಳಿದರು. ಸಿಡುಬಿಗೆ ಲಸಿಕೆ ಹಾಕಿಸಲು ಶ್ರಮಿಸಿದರು. 1823ರಲ್ಲಿ ಸ್ವದೇಶಕ್ಕೆ ಮರಳಿದ ಅವರು, ಹಿಂದೂಗಳನ್ನು ಮತಾಂತರಿಸುವುದು ಆಗುವ ಕೆಲಸವಲ್ಲವೆಂದು ಬರೆದರು. ಮತಾಂತರದ ಭೀತಿಯನ್ನೇ ಬಿತ್ತುವವರು ಅವರ ಈ ಪತ್ರಗಳನ್ನು ಓದಬೇಕು.

ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಕಥೆಯೂ ಸ್ವಾರಸ್ಯಕರ. ಜರ್ಮನಿಯ ಕಲೋನ್ ಚರ್ಚಿನ ಮಾದರಿಯಲ್ಲಿ, 175 ಅಡಿಯ ಜೋಡಿ ಗೋಪುರಗಳೊಡನೆ ನಿಂತ ಈ ಕಟ್ಟಡಕ್ಕೆ 1933ರಲ್ಲಿ ಅಡಿಗಲ್ಲಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. 1961ರಲ್ಲಿ ರೋಮ್ ಫಿಲೋಮಿನಾರ ಹೆಸರನ್ನು ಪೂಜಾ ಪಂಚಾಂಗದಿಂದ ತೆಗೆದುಹಾಕಿತು. ಮೈಸೂರಿಗರು ಮೇಣದಬತ್ತಿ ಹಚ್ಚುವುದನ್ನು ನಿಲ್ಲಿಸಲಿಲ್ಲ. ಪೂಜೆಯ ಭಾಷೆಯೂ ಅಲ್ಲಿಂದಾಚೆಗೆ ಬದಲಾಯಿತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಲ್ಯಾಟಿನ್ನಿನಲ್ಲಿದ್ದ ಬಲಿಪೂಜೆ ಕನ್ನಡಕ್ಕೆ ಬಂತು. ಕನ್ನಡದ ಪೂಜೆಗಾಗಿ ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡ ಕ್ರೈಸ್ತರು ದೀರ್ಘಕಾಲ ಹೋರಾಡಬೇಕಾಯಿತು ಎಂಬುದನ್ನು ಕನ್ನಡ ಚಳವಳಿಯ ಚರಿತ್ರೆಯಲ್ಲಿ ನಾವು ಅಷ್ಟಾಗಿ ನೆನೆಯುವುದಿಲ್ಲ.

2022ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಮುಗಿದ ಬೆನ್ನಲ್ಲೇ, ಪಿರಿಯಾಪಟ್ಟಣದ ಚರ್ಚೊಂದರಲ್ಲಿ ಬಾಲ ಯೇಸುವಿನ ಪ್ರತಿಮೆಗೆ ಹಾನಿಯಾಯಿತು; ಕಾಣಿಕೆ ಪೆಟ್ಟಿಗೆ ಕಳುವಾಯಿತು. ಎಲ್ಲರ ಮನಸ್ಸಿನಲ್ಲೂ ಮೊದಲು ಸುಳಿದದ್ದು ಕಳ್ಳನ ಯೋಚನೆಯಲ್ಲ, ಕೋಮುದ್ವೇಷದ ಶಂಕೆ. ಅದೇ ವರ್ಷ ರಾಜ್ಯದಲ್ಲಿ ಜಾರಿಗೆ ಬಂದ ಕಾಯ್ದೆ, ಮತಾಂತರ ಬಯಸುವವರು 30 ದಿನ ಮುಂಚಿತವಾಗಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣಾಪತ್ರ ಸಲ್ಲಿಸಬೇಕೆಂದಿತು. ಅದನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಸರ್ಕಾರಿ ನಮೂನೆಗಳ ನಡುವೆಯೇ ಆಯುಷ್ಯ ಸವೆಸಿದ ನನಗೆ ಅವುಗಳ ಮಿತಿ ಗೊತ್ತು. ಮಗುವಿನ ಜ್ವರ ಬಿಟ್ಟರೆ ಅಂತೋಣಿಯವರಿಗೆ ಮೇಣದಬತ್ತಿ ಹಚ್ಚುತ್ತೇನೆಂದು ಹರಸಿಕೊಂಡ ಗಾವಡಗೆರೆಯ ತಾಯಿಯೊಬ್ಬಳನ್ನು ಯಾವ ಕಲಮಿನಲ್ಲಿ ನಮೂದಿಸುವುದು? ಜನಗಣತಿಯವರು ಬಂದರೆ ಆಕೆ ತನ್ನ ಧರ್ಮ ಹಿಂದೂ ಎಂದೇ ಬರೆಸುತ್ತಾಳೆ. ಮುಂದಿನ ಮಂಗಳವಾರ ಡೋರ್ನಹಳ್ಳಿಗೂ ಹೋಗಿ ಬರುತ್ತಾಳೆ.